ಚೆನ್ನಿಗ ಸಂಘದ ಪರವಾಗಿ ಸಾಹೇಬರ ಹತ್ರ ಹೋದದ್ದು

ಹೂಂಗುಟ್ಟೋರು ಹೂಂಗುಟ್ಟಿ, ಆಕಳಿಸೋರು ಆಕಳಿಸಿ, ಕತೆ ಅದರ ಪಾಡಿಗೆ ಅದು ನಡೀತದೆ. ಕುಂಬಾರಗೇರೀಲಿ ತೋಪಮ್ಮ ಅಂತ ಒಬ್ಬಳು, ಅವಳಿಗೊಬ್ಬನೇ ಮಗ ಚೆನ್ನಿಗ. ಮಡಕೆ ಮಾಡೋ ತಿಗರಿ ತಿರುಗೋದು ನೋಡ್ತಾ ಕೂತರೆ ಕಣ್ಣು ಬಿಟ್ಕೊಂಡೇ ಕನಸು ಕಾಣೋನು. ಕನಸಲ್ಲಿ ಮಡಕೆಗಳೆಲ್ಲ ಮೆಲ್ಲಗೆ ಎದ್ದು ಮೋಡದ ಜೊತೆ ತೇಲ್ತಿದ್ದವಂತೆ. ಪಾಪ, ದುಡಿಯೋದೆಲ್ಲ ಅವ್ವನೊಬ್ಬಳೇ.

ಆ ವರ್ಷ ಕೆರೆ ಮಣ್ಣು ತೆಗೀಬಾರದು ಅಂತ ತಡೆ ಬಿತ್ತು. ಮಳೆ ಬಂದು ಕೆರೆ ತುಂಬೋದರೊಳಗೆ ತಹಸೀಲ್ದಾರರ ಅಪ್ಪಣೆ ಸಿಗದಿದ್ದರೆ ಕೇರಿಯ ತಿಗರಿಯೆಲ್ಲ ವರ್ಷಪೂರ್ತಿ ನಿಂತಂಗೇ. ಕುಂಬಾರರ ಸಂಘದಲ್ಲಿ ಸಾಹೇಬರ ಹತ್ರ ಹೋಗೋಕೆ ಮನೆಮನೆಗೂ ಸರದಿ. ಈ ಸಲ ಯಾರ ಮನೆಗೆ ಬಂತು? ತೋಪಮ್ಮನ ಮನೆಗೆ! ಅವಳಿಗೋ ಮಂಡಿನೋವು, ಮಗನ್ನೇ ಕಳಿಸಿದಳು.

"ನೋಡು ಮಗ, ದೊಡ್ಡೋರ ಮುಂದೆ ನಾಲಿಗೆ ಉದ್ದ ಮಾಡಬೇಡ. ಅವರಾಗಿ ಕೇಳೋತಂಕ ಸುಮ್ಕೆ ನಿಂತಿರು."

ಕಚೇರಿಗೆ ಹೋದ, ನಿಂತ. ಫ್ಯಾನು ಗಿರಗಿರ ತಿರುಗ್ತಿತ್ತು, ಇವನಿಗೆ ತಿಗರಿ ಕಂಡಂಗಾಯ್ತು. ಸಾಹೇಬರು ಕೇಳಲಿಲ್ಲ, ಇವನು ಹೇಳಲಿಲ್ಲ. ಸಂಜೆ ಜವಾನ ಹೊರಗೆ ಕಳಿಸಿ ಬೀಗ ಹಾಕಿದ.

"ಅಯ್ಯೋ ನನ್ನ ಕರ್ಮವೇ! 'ಕುಂಬಾರರ ಸಂಘದೋನು ಸ್ವಾಮಿ' ಅಂತ ಮೂರು ಸಲ ಕೂಗಬಾರದಿತ್ತೇನೋ?"

"ಹಂಗೇ ಆಗ್ಲಿ ಕಣವ್ವ."

ಮಾರನೇ ದಿನ ಹೋದಾಗ ಸಾಹೇಬರು ಉಂಡು, ಕುರ್ಚೀಲೇ ಒರಗಿ ತೂಕಡಿಸ್ತಿದ್ದರು. ಇವನು ಕಿವಿ ಹತ್ರ ಬಾಯಿಟ್ಟು ಕೂಗಿದ. ಎರಡನೇ ಕೂಗಿಗೇ ಸಾಹೇಬರು ಕುರ್ಚಿ ಸಮೇತ ನೆಲಕ್ಕೆ! ಅವ್ವ ಮೂರು ಅಂದಿದ್ದಳಲ್ಲ, ಮೂರನೇದನ್ನ ಬಗ್ಗಿ ಕೂಗಿದ.

"ಥೂ ಮಂಕೇ! ಅರ್ಜಿ ಬರಕೊಂಡು ಹೋಗು. ಏನೇ ಕೊಟ್ಟರೂ ಮೊದಲು ಸೀಲು ಹಾಕಿಸ್ಕೋ, ಆಮೇಲೆ ಕೊಡು!"

"ಹಂಗೇ ಆಗ್ಲಿ ಕಣವ್ವ."

ಮೂರನೇ ದಿನ ಸಾಹೇಬರೇ ಕೆರೆ ನೋಡೋಕೆ ಬಂದರು. ಉರಿಬಿಸಿಲು. ಕಂಕುಳಲ್ಲಿ ಅರ್ಜಿ, ಕೈಲಿ ನೀರಿನ ಹೂಜಿ ಹಿಡಿದು ನಿಂತಿದ್ದ ಚೆನ್ನಿಗನ್ನ ಕಂಡು, "ಒಂದು ಗುಟುಕು ನೀರು ಕೊಡಪ್ಪ" ಅಂದರು.

"ಕೊಡ್ತೀನಿ ಸ್ವಾಮಿ, ಸೀಲು ಹಾಕಿ."

"ನೀರಿಗೆ ಸೀಲೇನೋ?"

"ಏನೇ ಕೊಟ್ಟರೂ ಸೀಲು. ಅವ್ವ ಹೇಳವ್ಳೆ."

ಸಾಹೇಬರಿಗೆ ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು. ನಗ್ತಾ ನಗ್ತಾನೇ ಅವನ ಅರ್ಜಿ ಇಸ್ಕೊಂಡು ಓದಿದರು. "ನಾಳೆ ಬಾ, ಅಪ್ಪಣೆ ಬರೆದುಕೊಡ್ತೀನಿ. ಆ ಕಾಗದ ಕೆರೆ ಕಾವಲಿನವನಿಗೆ ತೋರಿಸಿದರೇ ಮಣ್ಣು, ತಿಳೀತಾ?"

ತೋಪಮ್ಮ ಹಣೆ ಚಚ್ಚಿಕೊಂಡಳು. "ಬಾಯಾರಿದೋರ ಹತ್ರ ಸೀಲು ಕೇಳ್ತಾರೇನೋ ಪೆದ್ದೇ! ಹೋಗ್ಲಿ ಬಿಡು. ನಾಳೆ ಸಿಗೋ ಕಾಗದಾನ ನಮ್ಮ ಹಸಿ ಮಡಕೆ ನೋಡ್ಕೊಂಡಂಗೆ ನೋಡ್ಕೋ. ಇಡೀ ಕೇರಿಯ ಅನ್ನ ಕಣಪ್ಪ ಅದು."

"ಹಂಗೇ ಆಗ್ಲಿ ಕಣವ್ವ."

ಹಂಗೇ ಆಯ್ತು. ಕಾಗದಾನ ಎರಡು ಕೈಯಲ್ಲಿ ಹಿಡಿದು, ನಿದ್ದೇಲಿ ನಡೆಯೋನ ಹಾಗೆ ಮೆಲ್ಲಮೆಲ್ಲಗೆ ತಂದ. ನೆರಳಲ್ಲಿ ಆರಿಸಿದ. ಬೆರಳಲ್ಲಿ ತಟ್ಟಿ ನೋಡಿದ. ತೋಪಮ್ಮ ಸಂಘದವರನ್ನೆಲ್ಲ ಗುದ್ದಲಿ, ಗಾಡಿ ಸಮೇತ ಕರ್ಕೊಂಡು ಬರೋ ಹೊತ್ತಿಗೆ ಮಡಕೆ ಸುಡೋ ಆವಿಗೆ ಮುಂದೆ ಕೂತು, ಹೊಗೆ ನೋಡ್ತಾ ನಗ್ತಿದ್ದ. ಕೆರೆಯಾಚೆ ಆಗಲೇ ಮಳೆ ಹಿಡಕೊಂಡಿತ್ತು.

"ಕಾಗದ ಎಲ್ಲೋ?"

"ಹಸೀದು ಹಂಗೇ ಇಟ್ಟರೆ ಉಳೀತದೇನವ್ವ? ಸುಡೋಕಿಟ್ಟಿವ್ನಿ!"

ತೋಪಮ್ಮ ಸೆರಗಲ್ಲಿ ಮುಖ ಮುಚ್ಚಿ ಅತ್ತಳು. ಚೆನ್ನಿಗ ಕೋಲಲ್ಲಿ ಕೆದಕಿದ. ಒಂದು ಚಿಟಿಕೆ ಬೂದಿ. ಅಂಗೈಲಿಟ್ಟುಕೊಂಡು ಬೇಜಾರಲ್ಲಿ ಹೇಳಿದ:

"ಸಾಹೇಬರು ಇದನ್ನ ನಮ್ಮ ಕೆರೆ ಮಣ್ಣಲ್ಲಿ ಮಾಡಿದ್ದರೆ ನಿಲ್ತಿತ್ತು ಕಣವ್ವ!"