ಅಕ್ಕಿ ವ್ಯಾಪಾರಿ ಹಾಡಿನ ಡಬ್ಬ ಆರಿಸಿದ್ದು

ಹೊಳೆಯೇ ಇಲ್ಲದ ಊರು. ಅಲ್ಲೊಂದು ಮನೆ. ಆ ಮನೆಯ ಪಡಸಾಲೆಯಲ್ಲಿ ಒಬ್ಬ ಹುಡುಗಿ ದೋಣಿ ಹತ್ತಿ ನಿಂತಿದ್ದಾಳೆ. ಮಳೆಗಾಲ ಹೋಯಿತು, ಚಳಿಗಾಲ ಬಂತು, ಅವಳು ದಡ ಸೇರಿಲ್ಲ. ತಡೆದು ನಿಲ್ಲಿಸಿದವನು ಅಂಬಿಗನಲ್ಲ, ಒಬ್ಬ ಅಕ್ಕಿ ವ್ಯಾಪಾರಿ. ಅವಳು ಯಾರು?

ತಲೆ ಕೆರೆದುಕೊಳ್ಳಬೇಡಿ. ಕೂದಲು ಉದುರೀತು, ಉತ್ತರ ಉದುರುವುದಿಲ್ಲ. ಈ ಒಗಟನ್ನು ಗುರುಗಳು ತಿಪ್ಪೇಶನಿಗೆ ಹಾಕಿದರು. ಅವನು ಕೇಳಿದ್ದ ಪ್ರಶ್ನೆಯೇ ಬೇರೆ.

ತಿಪ್ಪೇಶ ಗುರುಗಳ ಬಳಿ ತಬಲಾ ಕಲಿಯುತ್ತಿದ್ದ ಶಿಷ್ಯ. ಅವನ ಕೈ ವಿಲಂಬಿತದಲ್ಲಿ ನಡೆದರೆ ಬಾಯಿ ದ್ರುತದಲ್ಲಿ ಓಡುತ್ತಿತ್ತು. ಮನೆಯಲ್ಲಿ ಹಾಡು ಕೇಳಲು ಸ್ಪೀಕರ್ ತಂದಿದ್ದ, ಆಂಪ್ಲಿಫೈಯರ್ ತಂದಿದ್ದ. ಮ್ಯೂಸಿಕ್ ಸರ್ವರ್ ಒಂದು ಬಾಕಿ ಇತ್ತು. ಅಂದರೆ, ಹಾಡುಗಳನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು, ಫೋನಿನ ಮೇಲೆ ಬೆರಳಿಟ್ಟಾಗ ಬೇಕಾದ್ದನ್ನು ಸ್ಪೀಕರಿಗೆ ಕಳಿಸುವ ಡಬ್ಬ. ಒಂದರಲ್ಲಿ ದೊಡ್ಡ ಡಿಸ್ಕ್ ಇದೆ, ಆದರೆ ಅದು ತಿರುಗುವ ಸದ್ದು ಹಾಡಿನ ನಡುವೆ ಕೇಳುತ್ತದಂತೆ. ಇನ್ನೊಂದಕ್ಕೆ ಸದ್ದಿಲ್ಲ, ಆದರೆ ಹೊಟ್ಟೆ ಚಿಕ್ಕದಂತೆ. ಮೂರನೆಯದು ಇಂಟರ್ನೆಟ್ಟಿನಿಂದ ಎಳೆದುಕೊಳ್ಳುತ್ತದಂತೆ. ನೆಟ್ ಹೋದರೆ ಮೌನವ್ರತ. ಯಾವುದನ್ನು ತರಲಿ ಎಂದು ತಿಪ್ಪೇಶ ಕೇಳಿದ. ಪಾಠದ ಮೊದಲು ಕೇಳಿದ, ಪಾಠದ ನಡುವೆ ಕೇಳಿದ, ಚಪ್ಪಲಿ ಮೆಟ್ಟಿಕೊಳ್ಳುವಾಗಲೂ ಕೇಳಿದ. ಗುರುಗಳು ಅವನನ್ನು ವಾಪಸು ಕರೆದು ಕೂರಿಸಿದರು. ಒಗಟು ಹಾಕಿದರು. ಅವನ ಬಾಯಿ ಒಂದು ಗಳಿಗೆ ಮುಚ್ಚಿದ್ದನ್ನು ನೋಡಿ, ಇದೇ ಸಮಯವೆಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಅಕ್ಕಿ ವ್ಯಾಪಾರಿ ಇದ್ದ. ಅಕ್ಕಿಯ ವಿಷಯದಲ್ಲಿ ಅವನನ್ನು ಯಾರೂ ಯಾಮಾರಿಸಲು ಆಗುತ್ತಿರಲಿಲ್ಲ. ಮೂಟೆಗೆ ಕೊಳವೆ ಚುಚ್ಚುತ್ತಿದ್ದ. ಅಂಗೈಗೆ ಬಿದ್ದ ಕಾಳನ್ನು ಊದಿ, ಎರಡನ್ನು ಹಲ್ಲಿನಲ್ಲಿ ಕಡಿದು, ಲಾರಿಗೆ ಲಾರಿಯನ್ನೇ ಒಪ್ಪುತ್ತಿದ್ದ, ಇಲ್ಲವೇ ವಾಪಸು ಕಳಿಸುತ್ತಿದ್ದ. ಅನ್ನ ಬೆಂದಿದೆಯೋ ಎಂದು ನೋಡಲು ಒಂದಗುಳು ಸಾಕು ಎನ್ನುವುದು ಅವನ ಶಾಸ್ತ್ರ. ಆ ಶಾಸ್ತ್ರ ಅವನಿಗೆ ಎಂದೂ ಕೈಕೊಟ್ಟಿರಲಿಲ್ಲ. ಮಗಳಿಗೆ ಗಂಡನ್ನೂ ಹಾಗೆಯೇ ಆರಿಸಿದ, ಹಲ್ಲಿಗೆ ಹಾಕಿ ಕಡಿಯುವುದೊಂದನ್ನು ಬಿಟ್ಟ ಎಂದು ಊರವರು ಆಡಿಕೊಳ್ಳುತ್ತಿದ್ದರು.

ಮನೆಯಲ್ಲಿ ಅವನ ತಾಯಿ ಇದ್ದಳು, ಹೆಂಡತಿ ಇದ್ದಳು. ತಾಯಿಯ ಬಲಗಿವಿ ಆಗಲೇ ಕೇಳುತ್ತಿರಲಿಲ್ಲ. ಎಡಗಿವಿಯೂ ಹೆಚ್ಚು ಕಾಲ ಉಳಿಯುವುದಿಲ್ಲ, ಮೆಷಿನ್ ಹಾಕಿದರೂ ಪ್ರಯೋಜನವಿಲ್ಲ ಎಂದು ಡಾಕ್ಟರು ಹೇಳಿದ್ದರು. ಕಿವಿ ಇರುವಾಗಲೇ ಅವಳಿಗೆ ಒಳ್ಳೆಯ ಹಾಡು ಕೇಳಿಸಬೇಕೆಂದು ಮಗ ನಿಶ್ಚಯಿಸಿದ. ನಿಶ್ಚಯವೇನೋ ಒಳ್ಳೆಯದೇ. ಅವರಿವರಿಂದ ಹಳೆಯ ಹಾಡುಗಳನ್ನು ಕೂಡಿಹಾಕಿದ. ಸ್ಪೀಕರ್ ತಂದ. ಆಮೇಲೆ ಡಬ್ಬ ಆರಿಸಲು ಕುಳಿತ. ಅಂಗಡಿಯವರು ಡಬ್ಬ ತಂದಿಡುವರು, ಇವನಿಗೆ ಹಿಡಿಸದಿದ್ದರೆ ಒಯ್ಯುವರು. ಒಯ್ಯುವುದೇ ಹೆಚ್ಚು.

ಪರೀಕ್ಷೆಗೆ ಅವನು ಒಂದೇ ಹಾಡನ್ನು ಇಟ್ಟುಕೊಂಡಿದ್ದ. ಯಾರೋ ಮುದುಕಿ ಜೋಳ ಬೀಸುತ್ತಾ ಹಾಡಿದ್ದು. ಶುರುವಿನಲ್ಲಿ ಬೀಸುವ ಕಲ್ಲು ಗುಡುಗುತ್ತದೆ. ಒಳ್ಳೆಯ ಡಬ್ಬವಾದರೆ ಆ ಗುಡುಗು ಎದೆಗೆ ಬಂದು ತಾಗುತ್ತದೆ, ಸಾಧಾರಣದ್ದಾದರೆ ಬರೀ ಗುರ್ ಎನ್ನುತ್ತದೆ. ವ್ಯಾಪಾರಿಗೆ ಅಂಗೈಯಲ್ಲಿ ಬೇಕಾದ ಕಾಳು ಅಷ್ಟೇ.

ಹಾಡಿನಲ್ಲಿ ಒಬ್ಬ ಹುಡುಗಿ ಗಂಡನ ಮನೆಯಿಂದ ತವರಿಗೆ ಹೊರಟು ದೋಣಿ ಹತ್ತುತ್ತಾಳೆ. ನಡುನೀರಿನಲ್ಲಿ ಅಂಬಿಗ ಹುಟ್ಟು ಎತ್ತಿ ಹಿಡಿದು, ಆ ದಡವೋ ಈ ದಡವೋ, ನಿನ್ನ ದಡ ಯಾವುದು ಹೇಳು ಎನ್ನುತ್ತಾನೆ. ಅಷ್ಟು ಹೊತ್ತಿಗೆ ವ್ಯಾಪಾರಿ ಹಾಡು ನಿಲ್ಲಿಸಿ, ವೈರು ಕಿತ್ತು ಇನ್ನೊಂದು ಡಬ್ಬಕ್ಕೆ ಸಿಕ್ಕಿಸುತ್ತಿದ್ದ. ಮತ್ತೆ ಕಲ್ಲು ಗುಡುಗುತ್ತಿತ್ತು. ಹುಡುಗಿ ಮತ್ತೆ ದೋಣಿ ಹತ್ತುತ್ತಿದ್ದಳು. ಅಂಬಿಗ ಮತ್ತೆ ಅದನ್ನೇ ಕೇಳುತ್ತಿದ್ದ.

ಇಲ್ಲಿ ತಿಪ್ಪೇಶ ಬಾಯಿ ಹಾಕಿ, ಒಗಟಿನ ಹುಡುಗಿ ಇವಳೇ ಎಂದ. ತಾಳ ತಪ್ಪಿದರೂ ಸಮಕ್ಕೆ ಬಂದೆಯಪ್ಪ ಎಂದು ಗುರುಗಳು ಕತೆ ಮುಂದುವರಿಸಿದರು.

ಪರೀಕ್ಷೆ ನೋಡಲು ಜನ ಬರತೊಡಗಿದರು. ಕಣ್ಣು ಮುಚ್ಚಿ ಕೂತರು, ತಲೆ ಆಡಿಸಿದರು. ಬೀಗರೊಬ್ಬರು ಬಹಳ ಹೊತ್ತು ಕೇಳಿ, ಈ ಡಬ್ಬ ಹಿಂದಿನದಕ್ಕಿಂತ ಎಷ್ಟೋ ಮೇಲು, ಕಲ್ಲಿನ ಹಲ್ಲು ಕೂಡ ಎಣಿಸಬಹುದು ಎಂದರು. ವೈರು ಇನ್ನೂ ಹಿಂದಿನ ಡಬ್ಬದಲ್ಲೇ ಇತ್ತು.

ತಾಯಿಗೆ ಆ ಹಾಡು ಗೊತ್ತಿತ್ತು, ಅರ್ಧ. ಅವಳು ಚಿಕ್ಕವಳಿದ್ದಾಗ ದೊಡ್ಡಮ್ಮ ಬೀಸುತ್ತಾ ಅದನ್ನೇ ಹಾಡುತ್ತಿದ್ದಳು. ಅಂಬಿಗ ಕೇಳುವ ಹೊತ್ತಿಗೆ ಜೋಳ ಮುಗಿದುಹೋಗುತ್ತಿತ್ತು. ಬರಿಗಲ್ಲು ಬೀಸಬಾರದು, ಕಲ್ಲು ನಿಂತ ಮೇಲೆ ಬೀಸುವ ಹಾಡು ಹಾಡಬಾರದು ಎನ್ನುವುದು ಅವರ ಪದ್ಧತಿ. ದೊಡ್ಡಮ್ಮ ಹಿಟ್ಟು ಬಳಿದುಕೊಂಡು ಎದ್ದು ಹೋಗುತ್ತಿದ್ದಳು. ಕೊಟ್ಟ ಊರಿನಲ್ಲಿ ಆ ಹಾಡು ಯಾರಿಗೂ ಬರುತ್ತಿರಲಿಲ್ಲ. ಈಗ ಅದು ಪೂರ್ತಿಯಾಗಿ ಮಗನ ಡಬ್ಬದೊಳಗೇ ಇತ್ತು.

ಅವಳು ದಿನವೂ ಬಂದು, ಎಡಗಿವಿ ಸ್ಪೀಕರಿನ ಕಡೆ ಬರುವಂತೆ ಕುರ್ಚಿ ತಿರುಗಿಸಿಕೊಂಡು ಕೂರುತ್ತಿದ್ದಳು. ಹುಡುಗಿ ಏನೆಂದಿರಬಹುದು ಎಂದು ಸೊಸೆಯೊಡನೆ ಚರ್ಚೆ ಮಾಡುತ್ತಿದ್ದಳು. ತವರಿನ ದಡ ಎಂದರೆ ಗಂಡ ಮುನಿಯುತ್ತಾನೆ, ಗಂಡನ ದಡ ಎಂದರೆ ಹೆತ್ತವಳು ನೊಂದುಕೊಳ್ಳುತ್ತಾಳೆ, ಸುಮ್ಮನಿದ್ದರೆ ದೋಣಿ ಮುಂದೆ ಹೋಗುವುದಿಲ್ಲ. ಅಂಬಿಗನಿಗೆ ಬೇರೆ ಕೆಲಸವಿಲ್ಲ ಎಂದು ಸೊಸೆ ಬೈದಳು. ಅತ್ತೆಗೆ ಅದೂ ಸರಿ ಕಂಡಿತು. ಆದರೆ ಅದು ಉತ್ತರವಲ್ಲ.

ಅವಳು ಏನಂದಳಪ್ಪ ಎಂದು ತಾಯಿ ಮಗನನ್ನು ಕೇಳುತ್ತಿದ್ದಳು. ಸ್ವಲ್ಪ ತಡಿ ಅವ್ವ, ಇದರಲ್ಲಿ ಕಲ್ಲು ಹಗುರವಾಯಿತು, ಇರುವ ಒಂದು ಕಿವಿಗೆ ಕಳಪೆ ಮಾಲು ಯಾಕೆ ಹಾಕುತ್ತೀ, ಒಳ್ಳೆಯದು ಬರಲಿ ಎಂದು ಅವನು ಹೇಳುತ್ತಿದ್ದ. ಅವಳು ಕುರ್ಚಿಯನ್ನು ಇನ್ನೊಂದಿಷ್ಟು ಮುಂದೆ ಎಳೆದುಕೊಳ್ಳುತ್ತಿದ್ದಳು. ಡಬ್ಬ ಬದಲಾದ ಹಾಗೆಲ್ಲ ಕುರ್ಚಿ ಮುಂದೆ ಹೋಯಿತು. ಹಾಡಿನ ಮೇಲೆ ಅವ್ವನಿಗೆ ಎಷ್ಟು ಆಸೆ ನೋಡಿ ಎಂದು ಮಗ ಬಂದವರಿಗೆ ತೋರಿಸಿದ. ಕಡೆಕಡೆಗೆ ಅವಳು ಸ್ಪೀಕರಿನ ಬಟ್ಟೆಗೇ ಕಿವಿ ಒತ್ತಿ ಕೂರತೊಡಗಿದಳು.

ಸೊಸೆ ಹೇಳಿ ಹೇಳಿ ಸೋತಿದ್ದಳು. ಒಂದು ಮಧ್ಯಾಹ್ನ ಗಂಡ ಊಟಕ್ಕೆ ಕುಳಿತಾಗ ತಟ್ಟೆಯ ನಡುವೆ ಒಂದೇ ಒಂದು ಅಗುಳು ಅನ್ನ ಇಟ್ಟಳು. ಸಾರಿನ ಸೌಟು ಹಿಡಿದು ಪಕ್ಕದಲ್ಲಿ ನಿಂತಳು. ಉಳಿದದ್ದು ಎಲ್ಲಿ ಎಂದು ಅವನು ಕೇಳಿದ.

"ಮೊದಲು ಹಿಸುಕಿ ನೋಡಿ. ಬೆಂದಿದ್ದರೆ ನಿಮ್ಮ ಊಟ ಆಯಿತು, ಕೈ ತೊಳೆಯಿರಿ. ಬೆಂದಿಲ್ಲ ಅಂದರೆ ಬೇರೆ ಪಾತ್ರೆ ತರಿಸೋಣ, ಅಲ್ಲಿಯವರೆಗೆ ಉಪವಾಸ ಇರಿ," ಎಂದಳು.

ವ್ಯಾಪಾರಿ ನಕ್ಕ. ಅವಳು ನಗಲಿಲ್ಲ. ಸೌಟೂ ಅಲುಗಲಿಲ್ಲ.

"ಅಗುಳು ನೋಡುವುದು ಉಣ್ಣುವುದಕ್ಕೆ ಅಲ್ಲವೇನ್ರೀ? ಅತ್ತೆ ದಿನಾ ಹಸಿದೇ ಏಳುತ್ತಿದ್ದಾರೆ."

ಅವನು ಪಡಸಾಲೆಯ ಕಡೆ ತಿರುಗಿ ನೋಡಿದ. ಹಾಡು ಹಾಕಿರಲಿಲ್ಲ. ತಾಯಿ ಆಗಲೂ ಸ್ಪೀಕರಿಗೆ ಕಿವಿ ಒತ್ತಿಕೊಂಡು, ಕಲ್ಲು ಯಾವಾಗ ಗುಡುಗೀತು ಎಂದು ಕಾಯುತ್ತಿದ್ದಳು.

ಗುರುಗಳು ಮಾತು ನಿಲ್ಲಿಸಿದರು. ಆಮೇಲೆ ಏನಾಯಿತು ಎಂದು ತಿಪ್ಪೇಶ ಕೇಳಿದ. ತಬಲಾ ಮರೆತಿದ್ದ, ಮಂಡಿಯ ಮೇಲೆ ಮುಂದೆ ಬಾಗಿದ್ದ.

ವ್ಯಾಪಾರಿ ತಟ್ಟೆ ಬಿಟ್ಟು ಎದ್ದ ಎಂದರು ಗುರುಗಳು. ಕೈಗೆ ಸಿಕ್ಕಿದ ಡಬ್ಬಕ್ಕೆ ವೈರು ಸಿಕ್ಕಿಸಿ, ಸದ್ದನ್ನು ಪೂರ್ತಿ ಏರಿಸಿ ಹಾಡು ಹಾಕಿದ. ಕಲ್ಲು ಬರೀ ಗುರ್ ಎಂದಿತು. ಹುಡುಗಿ ದೋಣಿ ಹತ್ತಿದಳು. ಅಂಬಿಗ ಕೇಳಿದ. ವ್ಯಾಪಾರಿಯ ಬೆರಳು ಅಭ್ಯಾಸಬಲದಿಂದ ಮೇಲೆದ್ದಿತು. ಹೆಂಡತಿ ಫೋನು ಕಸಿದುಕೊಂಡಳು. ಹಾಡು ಮುಂದೆ ಹೋಯಿತು. ದಡದ ಮಾತು ಬಿಡೋ ಅಂಬಿಗ, ಹುಟ್ಟು ಇತ್ತ ಕೊಡು ಎಂದಳು ಹುಡುಗಿ. ತಾಯಿಗೆ ಅದು ಕೇಳಿಸಿತು. ಅವಳು ಸ್ಪೀಕರಿನಿಂದ ಮುಖ ತೆಗೆದು, ಸೆರಗು ಬಾಯಿಗೆ ಹಿಡಿದು ನಕ್ಕಳು.

"ಇಷ್ಟು ವರ್ಷ ಅವಳು ಅಳುತ್ತಾ ಕೂತಿದ್ದಾಳೆ ಅಂತ ತಿಳಿದಿದ್ದೆನಲ್ಲಪ್ಪ," ಎಂದಳು.

ಗುರುಗಳು ಕತೆ ಮುಗಿಸಿ ತಬಲಾದ ಮೇಲೆ ಬಟ್ಟೆ ಹೊದಿಸಿದರು. ತಿಪ್ಪೇಶನ ಕಣ್ಣು ಒದ್ದೆಯಾಗಿತ್ತು. ಮೂಗು ಒರೆಸಿಕೊಂಡ. ಆದರೂ ನಾಲಿಗೆ ಸುಮ್ಮನಿರಬೇಕಲ್ಲ. ಕೇಳದ ಕಿವಿಗೂ ಕೇಳಿಸಿದ ಆ ಡಬ್ಬ ಯಾವುದು ಗುರುಗಳೇ, ಡಿಸ್ಕಿನದೋ ಇಂಟರ್ನೆಟ್ಟಿನದೋ ಎಂದ.

ಗುರುಗಳು ಅವನ ಚಪ್ಪಲಿಯ ಕಡೆ ಕೈ ತೋರಿಸಿದರು.

"ಕೊನೆ ನಾನು ಕಟ್ಟಿ ಹೇಳಿದ್ದು, ತಿಪ್ಪೇಶ. ನಿಜವಾಗಿ ವ್ಯಾಪಾರಿ ಅನ್ನ ಬಡಿಸಿಕೊಂಡು ಉಂಡು, ಕೈ ತೊಳೆದು, ಇನ್ನೊಂದು ಡಬ್ಬ ತರಿಸಿದ."