ಹಸಿನೆಲಕ್ಕೂ ಒಣನೆಲಕ್ಕೂ ಹುಟ್ಟಿದ ಸಿಡಿಲು

"ಕೇಳಿರಯ್ಯಾ ಕೇಳಿ! ಯುವರಾಜರನ್ನು ಸಿಡಿಲು ಬಲಿ ತೆಗೆದುಕೊಂಡಿದೆ. ದೊರೆಗಳ ಮೂರು ಒಗಟು ಬಿಡಿಸಿದವರು ಬೇಡಿದ್ದು ಅವರದು. ತಪ್ಪಿದರೆ ತಲೆ ಉಳಿಯದು. ಸಿಡಿಲು ಕರೆದ ಮಾಟಗಾತಿ ನೀಲವ್ವನಿಗೆ ಅಮಾವಾಸ್ಯೆಗೆ ಶೂಲ!" ಎಂದು ಊರೂರಲ್ಲಿ ಡಂಗುರ ಸಾರಿದರು.

ನೀಲವ್ವ ಯಾವ ಮಾಟವನ್ನೂ ಅರಿಯಳು. ಮಗ ಕುದುರೆ ಓಡಿಸಲೆಂದು ದೊರೆ ಅರ್ಧ ಕೆರೆ ಬತ್ತಿಸಿದ ದಿನ, "ಬ್ಯಾಡ್ರಿ ದೊರಿ, ಇಲ್ಲಿ ಸಿಡಿಲು ಬೀಳ್ತದ" ಎಂದಿದ್ದಳು, ಅಷ್ಟೇ. ಎಚ್ಚರಿಕೆಗೂ ಶಾಪಕ್ಕೂ ವ್ಯತ್ಯಾಸ ತಿಳಿಯದ ಅರಮನೆ ಅದು. ಅವಳ ಮಗ, ಕುರಿ ಕಾಯುವ ಮಾಳಿಂಗ, ತಾಯಿಯನ್ನು ಬಿಡಿಸಲು ಜೀವ ಕೈಯಲ್ಲಿ ಹಿಡಿದು ದೊರೆಯ ಸಭೆಗೆ ಬಂದ.

ಅವನಿಗಿಂತ ಮುಂದೆ ಇಬ್ಬರು ನಿಂತಿದ್ದರು.

"ಕಣ್ಣಿಗೆ ಕಾಣದಂತೆ ತವರು ಬಿಟ್ಟವಳು, ತುಂಬು ಬಸುರಿಯಾಗಿ ಹೆರಲು ತವರಿಗೇ ಬರುತ್ತಾಳೆ. ಯಾರು?" ಎಂದ ದೊರೆ.

ಪಾಳೆಗಾರನ ಮಗ "ಹೊಳೆ" ಎಂದ. ಅವನ ತಲೆ ಉರುಳಿತು. ಜೋಯಿಸ "ಮೋಡ" ಎಂದು ಪಾರಾದ.

"ಸಿಡಿಲು ಹಸಿನೆಲದ ಕೂಸೋ, ಒಣನೆಲದ ಕೂಸೋ?"

"ಹಸಿನೆಲದ್ದೇ" ಎಂದ ಜೋಯಿಸ. ಕತ್ತಿ ಒರೆಸುವಷ್ಟೂ ಪುರುಸೊತ್ತಿರಲಿಲ್ಲ. ಅವನ ತಲೆಯೂ ಉರುಳಿತು. ದೊರೆ ಮಾಳಿಂಗನತ್ತ ತಿರುಗಿದ.

"ಈಗ ನೀನು."

"ಮೊದಲನೇದು ಮೋಡನ ಖರೆ, ದೊರಿ. ನೆಲದ ಹಸಿ ಬಿಸಿಲಿಗೆ ಆವಿಯಾಗಿ ಮ್ಯಾಲ ಹೋಗ್ತದ, ಮೋಡ ಕಟ್ಟಿ ನೆಲಕ್ಕ ಸುರೀತದ. ಇನ್ನ ಸಿಡಿಲು ಇಬ್ಬರ ಕೂಸು. ಒಣನೆಲ ಕಾದು ಗಾಳಿ ಮ್ಯಾಲೇಳ್ತದ, ಬಾಜೂಕಿನ ಹಸಿನೆಲ ಅದಕ್ಕ ಆವಿ ಉಣಿಸ್ತದ. ಎರಡೂ ಕೂಡೋ ಅಂಚಿನಾಗ ಗುಡುಗು ಹುಟ್ತದ. ಅದಕ್ಕ ನಾವು ಬ್ಯಾಸಿಗ್ಯಾಗ ಅಂಥಾ ಅಂಚಿನಾಗ ಕುರಿಹಟ್ಟಿ ಹಾಕೂದಿಲ್ಲ."

ದೊರೆಯ ಮುಖ ಕಪ್ಪಿಟ್ಟಿತು. "ಹಾಗಾದರೆ ಮೂರನೆಯ ಒಗಟು: ನನ್ನ ಮಗನನ್ನು ಕೊಂದವರು ಯಾರು?"

ಮಾಳಿಂಗ ಕತ್ತಿಯನ್ನು ನೋಡಿದ. ತಾಯಿಯನ್ನು ನೆನೆದ.

"ಅರ್ಧ ಕೆರಿ ಒಣಗಿಸಿ, ಅರ್ಧ ಹಸಿ ಉಳಿಸಿ, ಆ ಅಂಚಿನಾಗ ಮಗನ್ನ ಕುದುರಿ ಹತ್ತಿಸಿದವರು. ನೀವು."

ಕತ್ತಿ ಎತ್ತಿದ ಕಟುಕನನ್ನು ದೊರೆಯೇ ಕೈಸನ್ನೆಯಿಂದ ತಡೆದ. ಅವನ ಕಣ್ಣು ತುಂಬಿದ್ದವು.

"ಸರಿಯಾಗಿ ಹೇಳಿದೆ. ಏನು ಬೇಕು, ಕೇಳು."

"ನಮ್ಮವ್ವ ಬೇಕು. ಕೆರಿಗೆ ನೀರು ಬೇಕು."

ದೊರೆ ಎರಡಕ್ಕೂ ಒಪ್ಪಿದ, ಮೇಲೆ ಕೆರೆಯಂಚಿನ ಹುಲ್ಲುಗಾವಲನ್ನೂ ಬರೆದುಕೊಟ್ಟ. ಆಳುಗಳು ನೀಲವ್ವನನ್ನು ಕರೆತಂದರು. ದೊರೆ ಸಿಂಹಾಸನದಿಂದಿಳಿದು ಅವಳ ಮುಂದೆ ಕೈಮುಗಿದು, "ತಾಯೀ, ಅಂದು ನೀನು ಹೇಳಿದ್ದು ಸಿಡಿಲಿನ ಸುದ್ದಿಯೋ, ಶಾಪವೋ? ನಿನ್ನ ಬಾಯಿಂದಲೇ ಒಂದು ಸಲ ಹೇಳು" ಎಂದು ಅತ್ತ.

ನೀಲವ್ವ ಬಾಯಿ ತೆರೆದಳು. ಸಿಡಿಲು ಕರೆದ ನಾಲಿಗೆಯೆಂದು ಸೆರೆಯಲ್ಲಿ ಅದನ್ನು ಕತ್ತರಿಸಿ ಹಾಕಿದ್ದರು.