ಗಾಜಿನ ಹಲಗೆ ಮತ್ತು ಹಿತ್ತಾಳೆ ಚಾಸಿಸ್ಸು

ಬಿಡಿಭಾಗಗಳ ಪೆಟ್ಟಿಗೆ ತರಿಸಿ ಪುಟ್ಟ ಉಗಿ ರೈಲು ಎಂಜಿನ್ ಕಟ್ಟುತ್ತಿದ್ದ ಫೆಲಿಕ್ಸರು, ಅದರ ಅಡಿಚೌಕಟ್ಟಾದ ಹಿತ್ತಾಳೆಯ ಚಾಸಿಸ್ಸಿಗೆ ಆರು ಚಕ್ರ ತೊಡಿಸಿ, ಚಕ್ರಗಳೆಲ್ಲ ಸಮವಾಗಿ ಕೂರುತ್ತವೆಯೇ ಎಂದು ಪರೀಕ್ಷಿಸಲು ಸಮತಟ್ಟಾದ ಗಾಜಿನ ಹಲಗೆಯ ಮೇಲಿಟ್ಟರು.

"ನಿನ್ನ ಹಿಂದಿನ ಚಕ್ರವೊಂದು ನನ್ನನ್ನು ಮುಟ್ಟುತ್ತಿಲ್ಲ," ಎಂದಿತು ಗಾಜು.

"ಕೂದಲೆಳೆಯ ಅಂತರ, ಗಾಜಮ್ಮನವರೇ. ನೀವು ಸುಮ್ಮನಿದ್ದರೆ ಸಂಜೆಯೇ ನಾನು ಹಳಿ ಏರುತ್ತೇನೆ."

"ಏರುತ್ತೀಯೆ. ಮೊದಲ ತಿರುವಿನಲ್ಲೇ ಉರುಳುತ್ತೀಯೆ."

ಫೆಲಿಕ್ಸರು ಚಕ್ರದ ಕೆಳಗೆ ಬೆಳಕು ತೂರುವುದನ್ನು ಕಂಡು, ಬೆಸುಗೆ ಕರಗಿಸಿ, ಚೌಕಟ್ಟನ್ನು ನೇರ ಮಾಡಿ ಮತ್ತೆ ಬೆಸೆದರು. ಕಾವು ತಾಳಲಾರದೆ ಚಾಸಿಸ್ಸು ಗಾಜನ್ನು ಬಯ್ಯುತ್ತಲೇ ಇತ್ತು.

ಮರುದಿನ ಫೆಲಿಕ್ಸರು ಹಳಿಯ ಮೇಲಿಟ್ಟು ತಳ್ಳಿದಾಗ ಅದು ಕಡಿದಾದ ತಿರುವನ್ನು ಅಲುಗದೆ ದಾಟಿತು. ಮೇಜಿಗೆ ಮರಳಿದಾಗ ಗಾಜಿಗೆ ಹೇಳಿತು:

"ಬಯ್ದದ್ದಕ್ಕೆ ಕ್ಷಮಿಸಿ. ನನ್ನನ್ನು ಮೆಚ್ಚಿಸಲು ನೀವು ಸುಳ್ಳು ಹೇಳಿದ್ದರೆ ನಾನು ಇಂದು ಉಳಿಯುತ್ತಿರಲಿಲ್ಲ. ನಾಳೆ ನನ್ನ ಮೇಲೆ ಬಾಯ್ಲರ್ ಕೂರಿಸುತ್ತಾರಂತೆ. ಅದಕ್ಕೆ ಮುಂಚೆ ಇನ್ನೊಮ್ಮೆ ನೋಡಿ ಹೇಳುವಿರಾ?"